ತಿರುಗಾಟಕ್ಕೊಂದು ಅನುದಾನ

ಡೋರಿಸ್ ಬರುವ ದಿನ ಏನೇನು ಕೆಡಬಹುದು ಎಂದು ಹಿಂದಿನ ದಿನವೇ ಕೂತು ಯೋಚಿಸಿದ್ದೆ. ಬೆಂಗಳೂರಿನ ರೈಲು ತಡವಾಗಬಹುದು. ರೈಲು ಸರಿಯಾಗಿ ಬಂದು, ಯಾದಗಿರಿ ಸ್ಟೇಷನ್ನಿಗೆ ನಾನೇ ತಡವಾಗಿ ಹೋಗಬಹುದು. ಎಪ್ಪತ್ತು ದಾಟಿದ, ಮಂಡಿನೋವಿನ, ಅಮೆರಿಕದ ಕಪ್ಪು ಹೆಂಗಸೊಬ್ಬಳು ಆ ಪ್ಲಾಟ್‌ಫಾರಂ ಮೇಲೆ ಒಬ್ಬಳೇ ನಿಂತುಬಿಟ್ಟರೆ ಸುತ್ತ ಜನ ಮುತ್ತಬಹುದು. ಜೀಪು ಭೀಮಾ ನದಿಯ ಸೇತುವೆಯ ಮೇಲೆಯೇ ಕೆಟ್ಟು ನಿಲ್ಲಬಹುದು. ಒಂದು ಮಳೆ ಬಿದ್ದರೆ ಜೀಪು ಎರೆಮಣ್ಣಿನಲ್ಲಿ ಸಿಕ್ಕಿಕೊಳ್ಳಬಹುದು, ಬೀಳದಿದ್ದರೆ ಬಿಸಿಲಿಗೆ ಆಕೆ ತಲೆಸುತ್ತಿ ಬೀಳಬಹುದು. ಪರದೇಶದವರು ಯಾಕೆ ಬಂದಿದ್ದಾರೆ ಎಂದು ಠಾಣೆಯಿಂದ ಕರೆ ಬರಬಹುದು. ಊರ ಗೌಡರು ಹಾರ ಹಿಡಿದುಕೊಂಡು ಅಗಸಿಬಾಗಿಲಲ್ಲೇ ನಿಂತು, ಕೇರಿಗೆ ಹೋಗಬೇಕಾದವಳನ್ನು ತಮ್ಮ ವಾಡೆಗೆ ಕರೆದೊಯ್ಯಬಹುದು. ಅದೇ ದಿನ ಕಾಲುವೆಗೆ ನೀರು ಬಿಟ್ಟು ಹೆಂಗಸರೆಲ್ಲ ನಾಟಿಗೆ ಹೊರಟುಬಿಡಬಹುದು. ಕೇರಿಯ ಹೆಂಗಸರ ಮುಂದಾಳು ನಿಂಗಮ್ಮನಿಗೆ ಸಿಟ್ಟು ಬರಬಹುದು. ಸಿಟ್ಟು ಬರದೆ ನಾಚಿಕೆ ಬಂದು ಆಕೆ ಬಾಯಿಯನ್ನೇ ಬಿಡದಿರಬಹುದು, ಅದು ಇನ್ನೂ ಕೆಟ್ಟದ್ದು. ಎಲ್ಲಕ್ಕಿಂತ ಮಿಗಿಲಾಗಿ, ನನ್ನ ಇಂಗ್ಲಿಷು ಅರ್ಧ ದಾರಿಯಲ್ಲಿ ಕೈಕೊಡಬಹುದು.

ಇದಿಷ್ಟನ್ನೂ ಶಹಾಪುರದ ಎಸ್‌ಟಿಡಿ ಬೂತಿನಿಂದ ಹೆಂಡತಿಗೆ ಹೇಳಿದೆ. ಅವಳು ಮದ್ದೂರಿನಲ್ಲಿ ಟೀಚರು. "ಯೋಚ್ನೆ ಮಾಡೋಕೇ ಯಾರಾದ್ರೂ ಸಂಬ್ಳ ಕೊಡೋ ಹಂಗಿದ್ರೆ ನಾವಿಷ್ಟೊತ್ತಿಗೆ ಮೈಸೂರಲ್ಲಿ ಮನೆ ಕಟ್ಟಿರ್ತಿದ್ವಿ," ಅಂದಳು. ಅವಳಿಗೆ ಗೊತ್ತಿಲ್ಲದ ಸಂಗತಿಯೆಂದರೆ, ನನಗೆ ಆಗ ಸಂಬಳ ಬರುತ್ತಿದ್ದುದು ಬಹುಮಟ್ಟಿಗೆ ಅದಕ್ಕೇ.

ನಲವತ್ತೇಳನೆಯ ವಯಸ್ಸಿನಲ್ಲಿ ಊರು ಬಿಟ್ಟವನು ನಾನು. ಆ ವಯಸ್ಸಿಗೆ ಜನ ಊರಿಗೆ ವಾಪಸು ಬರುತ್ತಾರೆ. ಬಂದದ್ದು ಸಮುದ್ರ ದಾಟಿಯೇನಲ್ಲ. ಮಂಡ್ಯದಿಂದ ಶಹಾಪುರಕ್ಕೆ, ಒಂದೇ ರಾಜ್ಯದ ಈ ಕಡೆಯಿಂದ ಆ ಕಡೆಗೆ. ಆದರೆ ಮೊದಲ ವಾರ ಅಂಗಡಿಯವನು "ಏನ್ ಬೇಕ್ರಿ, ಜಲ್ದಿ ಹೇಳ್ರಿ" ಎಂದಾಗ ನಾನೇನು ತಪ್ಪು ಮಾಡಿದೆನೋ ಎಂದು ಗಾಬರಿಯಾಗಿ ಸಾಮಾನು ತೆಗೆದುಕೊಳ್ಳದೆ ಬಂದಿದ್ದೆ. ಅವನು ಮರ್ಯಾದೆಯಿಂದಲೇ ಮಾತಾಡಿದ್ದ. ನಮ್ಮ ಕಡೆ ಮರ್ಯಾದೆಯೆಂದರೆ ದನಿ ಇಳಿಸುವುದು, ಇಲ್ಲಿ ಮಾತಿನ ಕೊನೆಗೆ ಒಂದು ‘ರಿ’ ಹಚ್ಚಿ ಬೇಕಾದಷ್ಟು ದನಿ ಏರಿಸಬಹುದು. ಇದು ತಿಳಿಯುವ ಹೊತ್ತಿಗೆ ಆ ಅಂಗಡಿಯವನು ನನ್ನನ್ನು ಕಿವುಡನೆಂದು ತೀರ್ಮಾನಿಸಿ ಇನ್ನೂ ಜೋರಾಗಿ ಮಾತಾಡತೊಡಗಿದ್ದ.

ಬಂದದ್ದು ಒಂದು ನಿಧಿಯ ಕೆಲಸಕ್ಕೆ. ಡೋರಿಸ್‌ಳ ಊರಿನಲ್ಲಿ ಕಪ್ಪು ಜನ ತಾವೇ ಕೂಡಿಸಿದ ನಿಧಿಯದು: ಚರ್ಚಿನ ತಟ್ಟೆಯಲ್ಲಿ ಬಿದ್ದದ್ದು, ಮನೆಯಲ್ಲಿ ಕೇಕು ಮಾಡಿ ಮಾರಿದ್ದು, ಸಂಬಳದಲ್ಲಿ ಉಳಿಸಿದ್ದು. ಅಲ್ಲಿನ ದೊಡ್ಡ ನಿಧಿಗಳು ಕಪ್ಪು ಜನರ ಬಗ್ಗೆ ಚೆನ್ನಾಗಿ ಮಾತಾಡುವವರಿಗೆ ಧಾರಾಳವಾಗಿ ಕೊಡುತ್ತಿದ್ದವಂತೆ. ಕಪ್ಪು ಜನರೇ ಮುಂದೆ ನಿಂತು ತಮ್ಮ ಓಣಿಯಲ್ಲಿ ಕಟ್ಟಿಕೊಂಡ ಸಂಘ ಬಂದು ಕೇಳಿದರೆ ಮಾತ್ರ, ನಿಮಗೆ ಅನುಭವ ಸಾಲದು ಎಂದು ಕಳಿಸುತ್ತಿದ್ದವಂತೆ. ಹಾಗಾಗಿ ಇವರು ತಮ್ಮದೇ ನಿಧಿ ಮಾಡಿ, ಒಂದೇ ನಿಯಮ ಇಟ್ಟುಕೊಂಡರು: ಯಾರ ಕಷ್ಟವೋ ಅವರೇ ಮುಂದಾಳುಗಳಾಗಿರಬೇಕು. ಆಮೇಲೆ ಒಂದು ಸಣ್ಣ ಪಾಲನ್ನು ದೂರದ ದೇಶಗಳಲ್ಲಿ ತಮ್ಮಂತೆಯೇ ಇರುವವರಿಗೆ ಕೊಡೋಣವೆಂದರು. ಬೆಂಗಳೂರಿನ ಒಂದು ಸಂಸ್ಥೆಯ ಮೂಲಕ ಆ ಪಾಲು ಇಲ್ಲಿಯ ದಲಿತ ಕೂಲಿ ಹೆಂಗಸರ ಸಂಘಗಳಿಗೆ ಬರುವುದಿತ್ತು. ನಡುವೆ ಓಡಾಡಲು ಒಬ್ಬ ಬೇಕಿತ್ತು, ಅವನೂ ದಲಿತನಾಗಿರಬೇಕು ಎಂಬುದು ಅವರ ಷರತ್ತು. ನನ್ನ ಜಾತಿ ನನಗೆ ಕೆಲಸ ಕೊಡಿಸಿದ್ದು ಅದೇ ಮೊದಲು. ಅದನ್ನು ಅರ್ಜಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ.

ಶಹಾಪುರದಲ್ಲಿ ಮನೆ ಹುಡುಕುವಾಗ ಅಷ್ಟು ದೊಡ್ಡದಾಗಿ ಬರೆಯಲಿಲ್ಲ. ನಾಲ್ಕು ಮನೆ ನೋಡಿದೆ. ನಾಲ್ಕರಲ್ಲೂ ಬಾಡಿಗೆಗಿಂತ ಮುಂಚೆ "ನೀವು ಯಾರ ಪೈಕಿರಿ?" ಎಂದು ಜಾತಿಯ ಪ್ರಶ್ನೆ ಬಂತು. ಮೊದಲ ಮೂರು ಕಡೆ ನಿಜ ಹೇಳಿದೆ. ಮೂರು ಕಡೆಯೂ ಮನೆ ಆಗಲೇ ಬೇರೆ ಯಾರಿಗೋ ಮಾತಾಗಿತ್ತು. ನಾಲ್ಕನೆಯದು ನಿವೃತ್ತ ಗುಮಾಸ್ತರೊಬ್ಬರ ಮನೆ. ಅವರ ಹೆಂಡತಿ ಶಿವಲೀಲಮ್ಮನವರು ಕೇಳಿದಾಗ "ಮಂಡ್ಯದ ಕಡೆಯವರು" ಎಂದೆ. ಅದು ಸುಳ್ಳಲ್ಲ. "ನಿಮ್ಮ ಮಾತು ಎಷ್ಟು ಸಣ್ಣಗ ಅದ್ರಿ, ಛಲೋ ಮಂದಿ ಅಂತ ಕೇಳಿದ್ರನೇ ತಿಳೀತದ," ಎಂದು ಬೀಗದ ಕೈ ಕೊಟ್ಟರು. ಹೆದರಿ ಸಣ್ಣಗೆ ಮಾತಾಡಿದ್ದೆ. ಅವರಿಗೆ ಅದು ಕುಲೀನತೆಯಾಗಿ ಕೇಳಿಸಿತ್ತು.

ಅವರು ಒಳ್ಳೆಯವರು. ಅದೇ ತೊಂದರೆ. ಕೆಟ್ಟವರಾಗಿದ್ದರೆ ನಿಶ್ಚಿಂತೆಯಾಗಿ ಮೋಸ ಮಾಡಬಹುದಿತ್ತು. ಬೆಳಗಾಗೆದ್ದರೆ ಅವರ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು, ಹಿಂದೆಯೇ ಎರಡು ಬಿಸಿ ರೊಟ್ಟಿ ನನ್ನ ಬಾಗಿಲಿಗೆ. ಮುದ್ದೆ ನುಂಗಿ ಬೆಳೆದ ಗಂಟಲಿಗೆ ಜೋಳದ ರೊಟ್ಟಿ ಅಗಿಯುವ ಶಿಸ್ತು ಬರಲು ಮೂರು ತಿಂಗಳು ಹಿಡಿಯಿತು. ಪುಂಡಿ ಸೊಪ್ಪಿನ ಪಲ್ಯದ ಹುಳಿ ಮಾತ್ರ ಮೊದಲ ದಿನವೇ ಒಗ್ಗಿತು. ಊರಿನ ನೆನಪಾದಾಗ ರಾಗಿ ಹಿಟ್ಟು ಹುಡುಕಿಕೊಂಡು ಹೋದರೆ ಅಂಗಡಿಯವನು "ಮನ್ಯಾಗ ಯಾರಿಗರ ಆರಾಮಿಲ್ಲೇನ್ರಿ?" ಎಂದು ಮರುಕಪಟ್ಟ. ಇಲ್ಲಿ ರಾಗಿ ಕೂಸುಗಳ ಗಂಜಿಗೆ, ಇಲ್ಲವೇ ಹಾಸಿಗೆ ಹಿಡಿದವರಿಗೆ.

ನಮ್ಮ ಕಡೆಯ ಕಾಲುವೆಗೆ ವಯಸ್ಸಾಗಿದೆ. ದಂಡೆಯ ಮೇಲೆ ದೊಡ್ಡ ದೊಡ್ಡ ಮರಗಳಿವೆ, ಮೆಟ್ಟಿಲುಗಳು ಸವೆದಿವೆ, ಕಾಲುವೆ ಇಲ್ಲದ ಕಾಲವೊಂದಿತ್ತು ಎಂಬುದನ್ನೇ ಜನ ಮರೆತಿದ್ದಾರೆ. ಇಲ್ಲಿಯದು ಇನ್ನೂ ಹಸಿ. ತೋಡಿ ಗುಡ್ಡೆ ಹಾಕಿದ ಮಣ್ಣಿನ ಮೇಲೆ ಜಾಲಿ ಈಗಷ್ಟೇ ಚಿಗುರುತ್ತಿತ್ತು. ಕೃಷ್ಣೆಯ ನೀರು ಮೊನ್ನೆ ಮೊನ್ನೆ ಬಂದದ್ದು; ಜೋಳ, ತೊಗರಿಯ ಹೊಲಗಳು ನೋಡುನೋಡುತ್ತ ಭತ್ತದ ಗದ್ದೆಗಳಾಗುತ್ತಿದ್ದವು. ಆಂಧ್ರದ ಕಡೆಯಿಂದ ಬಂದ ರೈತರು ಹೊಲ ಗುತ್ತಿಗೆಗೆ ಹಿಡಿದು ಕ್ಯಾಂಪು ಹಾಕಿಕೊಂಡಿದ್ದರು. ಎಲ್ಲರ ಬಾಯಲ್ಲೂ ನೀರಿನದೇ ಮಾತು. ನನಗೆ ಮಾತ್ರ ಮುಂದಿನ ಕಥೆ ಗೊತ್ತಿತ್ತು. ನಮ್ಮ ತಾತ ಆ ಹಳೆಯ ಕಾಲುವೆಯನ್ನು ತೋಡಿದ ಕೂಲಿಗಳಲ್ಲೊಬ್ಬ. ನೀರು ಹರಿದದ್ದು ಬೇರೆಯವರ ಗದ್ದೆಗೆ. ತಾತ, ಅಪ್ಪ ಇಬ್ಬರೂ ಆ ಗದ್ದೆಗಳಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತೇ ಮುದುಕರಾದರು. ಹಾಗಾಗಿ ಶಹಾಪುರದಿಂದ ಸುರಪುರದ ಬಸ್ಸಿನಲ್ಲಿ ಕೂತು ಕಿಟಕಿಯಾಚೆ ಹೊಸ ಹಸಿರು ನೋಡುವಾಗ ಪಕ್ಕದವರು "ಹ್ಯಾಂಗ್ ಕಾಣಸ್ತದ್ರಿ ನಮ್ಮ ಸೀಮಿ?" ಎಂದು ಹೆಮ್ಮೆಯಿಂದ ಕೇಳಿದರೆ, ಚೆನ್ನಾಗಿದೆ ಎಂದು ಹೇಳಿ, ಗದ್ದೆಯಲ್ಲಿ ಬಗ್ಗಿ ನಿಂತವರನ್ನು ಎಣಿಸುತ್ತಿದ್ದೆ.

ನಿಂಗಮ್ಮನ ಊರು ವನದುರ್ಗದಾಚೆ, ಕಾಲುವೆಯ ಬಾಲದ ತುದಿಯಲ್ಲಿ. ಬಾಲದ ಊರಿಗೆ ನೀರು ಬರುವುದಿಲ್ಲ; ಊರೇ ನೀರಿದ್ದಲ್ಲಿಗೆ ಹೋಗುತ್ತದೆ. ನಾಟಿಯ ಕಾಲದಲ್ಲಿ ಕೇರಿಯ ಹೆಂಗಸರೆಲ್ಲ ಟೆಂಪೋ ಹತ್ತಿ ಮೇಲಿನ ಊರುಗಳಿಗೆ ಕೂಲಿಗೆ ಹೋಗುತ್ತಿದ್ದರು. ಕೂಲಿ ಗೊತ್ತುಮಾಡುವವನು ಗುತ್ತೇದಾರ. ಈ ಊರಿನವರು ಇಷ್ಟು ಕೊಡು ಎಂದರೆ ಪಕ್ಕದೂರಿನವರು ಅದಕ್ಕಿಂತ ಕಡಿಮೆಗೆ ಬರುತ್ತಾರೆ ಎನ್ನುತ್ತಿದ್ದ. ಪಕ್ಕದೂರಿನಲ್ಲಿ ಇವರ ಹೆಸರು ಹೇಳುತ್ತಿದ್ದ. ನಿಂಗಮ್ಮನಿಗೆ ನನ್ನಷ್ಟೇ ವಯಸ್ಸು, ಅಕ್ಷರ ಬಾರದು. ಅವಳ ಲೆಕ್ಕಾಚಾರ ಸರಳವಾಗಿತ್ತು: ನೀರು ಬಿಡುವ ಮುಂಚೆ ಹನ್ನೆರಡು ಊರಿನ ಹೆಂಗಸರು ಒಂದೇ ಮಾತಿಗೆ ಬಂದರೆ ಗುತ್ತೇದಾರ ಯಾರ ಹೆಸರು ಹೇಳುತ್ತಾನೆ? ಅದಕ್ಕೆ ಬೇಕಾದದ್ದು ಅವಳೂ ಅವಳ ಜೊತೆಗಾರ್ತಿ ಶಾಂತಾಬಾಯಿಯೂ ಕೂಲಿ ಬಿಟ್ಟು ಹನ್ನೆರಡು ಊರು ಸುತ್ತುವುದು. ಶಾಂತಾಬಾಯಿ ಬೌದ್ಧರ ಮನೆಯ ಸೊಸೆ, ಏಳನೆಯ ಇಯತ್ತೆ ಓದಿದ್ದಳು. ಕೂಲಿ ಬಿಟ್ಟ ದಿನ ಎರಡೂ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಅಷ್ಟಕ್ಕೆ ಅನುದಾನ ಬೇಕು.

"ತಿರುಗ್ಯಾಡಾಕ ರೊಕ್ಕ ಬೇಕ್ರಿ ಸರ," ಎಂದಳು ನಿಂಗಮ್ಮ.

ನಿಧಿಯ ಫಾರಂ ತೆರೆದು ನೋಡಿದೆ. ಚಟುವಟಿಕೆ ಎಂಬಲ್ಲಿ ‘ತಿರುಗಾಡುವುದು, ಕೂತು ಮಾತಾಡುವುದು’ ಎಂದು ಬರೆಯಲು ಕೈ ಬರಲಿಲ್ಲ. ನಮ್ಮ ದೇಶದಲ್ಲಿ ಅನುದಾನವೆಂದರೆ ಎಣಿಸಲು ಬರುವ ವಸ್ತು. ಕಟ್ಟಡ, ಕೋಳಿ, ಮೇಕೆ. ಹೊಲಿಗೆ ಯಂತ್ರ ಎಂದು ಬರೆಯೋಣವೇ, ಅದು ಬೇಗ ಮಂಜೂರಾಗುತ್ತದೆ ಎಂದು ಮೆಲ್ಲಗೆ ಕೇಳಿದೆ.

"ಹೊಲಿಗಿ ಮಷೀನ್ ತಗೊಂಡು ಏನ್ ಹೊಲಿಯೂದ್ರಿ? ಗುತ್ತೇದಾರನ ಬಾಯಿ?"

ಹೆಂಗಸರೆಲ್ಲ ನಕ್ಕರು. ನಾನು ತಿರುಗಾಟ ಎಂದೇ ಬರೆದೆ. ಆದರೆ ಕೊನೆಯ ಪುಟದಲ್ಲಿ ‘ಹೊಣೆ ಹೊತ್ತ ವ್ಯಕ್ತಿ’ ಎಂಬ ಸಾಲಿನಲ್ಲಿ, ಅಕ್ಷರ ಬಾರದವಳ ಹೆಸರು ನೋಡಿ ಎಲ್ಲಿ ತಿರಸ್ಕರಿಸುತ್ತಾರೋ ಎಂಬ ಹೆದರಿಕೆಗೆ, ಯಾರನ್ನೂ ಕೇಳದೆ ನನ್ನ ಹೆಸರು ಬರೆದುಬಿಟ್ಟೆ.

ಇದನ್ನು ನೋಡಿ ತೀರ್ಮಾನ ಹೇಳಲೆಂದೇ ಡೋರಿಸ್ ಬರುತ್ತಿದ್ದುದು. ಅವಳು ಹೂಂ ಎಂದರೆ ಹನ್ನೆರಡು ಊರು, ಇಲ್ಲವೆಂದರೆ ಮತ್ತೆ ಗುತ್ತೇದಾರನ ಟೆಂಪೋ.

ಹೊರಡುವ ಬೆಳಗ್ಗೆ ಶಿವಲೀಲಮ್ಮನವರು ನಾಲ್ಕು ಡಬ್ಬಿಯ ಕ್ಯಾರಿಯರು ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದರು. ಅತಿಥಿ ಹಳ್ಳಿಯಲ್ಲಿ ಯಾರ ಮನೆಯಲ್ಲಿ ಉಣ್ಣುತ್ತಾಳೆ ಎಂದು ಅವರು ಎರಡು ದಿನದಿಂದ ಕೇಳುತ್ತಿದ್ದರು. ನಾನು ಎರಡು ದಿನದಿಂದ "ಊರಲ್ಲೇ ಏನೋ ಏರ್ಪಾಡು" ಎನ್ನುತ್ತಿದ್ದೆ. ಅವರಿಗೆ ಪಾಪ ಅನಿಸಿತ್ತು. ಶೇಂಗಾ ಹೋಳಿಗೆ, ಎಣ್ಣೆಗಾಯಿ, ಮೊಸರನ್ನ, ಚಟ್ನಿ. ಬೇಡವೆನ್ನಬೇಕಾದರೆ ಯಾಕೆಂದು ಹೇಳಬೇಕು. ತೆಗೆದುಕೊಂಡು ಜೀಪಿನಲ್ಲಿಟ್ಟೆ.

ರೈಲು ಹೊತ್ತಿಗೆ ಸರಿಯಾಗಿ ಬಂತು. ಡೋರಿಸ್ ನನಗಿಂತ ಎತ್ತರ. ಇಳಿದವಳೇ ನನ್ನ ಕೈಚೀಲವನ್ನೂ ತಾನೇ ಹಿಡಿದುಕೊಳ್ಳಲು ನೋಡಿದಳು. ಸೇತುವೆ ದಾಟಿತು, ಜೀಪು ಕೆಡಲಿಲ್ಲ. ಗೌಡರು ಅಬ್ಬೆತುಮಕೂರಿನ ಮಠಕ್ಕೆ ಹೋಗಿದ್ದರು. ಕಾಲುವೆಗೆ ನೀರು ಬಿಡುವುದಕ್ಕೆ ಇನ್ನೂ ಒಂದು ವಾರವಿತ್ತು. ಕೇರಿಯ ಸಮಾಜ ಮಂದಿರದ ಕಟ್ಟೆಯ ಮೇಲೆ ನಲವತ್ತು ಹೆಂಗಸರು ಕೂತಿದ್ದರು. ಡೋರಿಸ್ ಕುರ್ಚಿ ಬೇಡವೆಂದು ಗೋಡೆಗೆ ಒರಗಿ ಅವರ ಸಾಲಿನಲ್ಲೇ ಕಾಲು ಚಾಚಿದಳು. ಒಬ್ಬ ಮುದುಕಿ ಅವಳ ಮುಂಗೈ ಹಿಡಿದು ತನ್ನ ಮುಂಗೈ ಪಕ್ಕಕ್ಕಿಟ್ಟು ನೋಡಿ, "ನಮ್ಮಕಿನೇ ಇಕಿ," ಎಂದು ತೀರ್ಪು ಕೊಟ್ಟಳು. ಅನುವಾದ ಮಾಡುವ ಮುಂಚೆಯೇ ಡೋರಿಸ್ ತಲೆಯಾಡಿಸಿದಳು.

ಡೋರಿಸ್ ತನ್ನ ತಾಯಿಯ ಕಥೆ ಹೇಳಿದಳು. ಬಿಳಿಯರ ಮನೆಗಳಲ್ಲಿ ನೆಲ ಒರೆಸುತ್ತಿದ್ದ ಹೆಂಗಸರು ಕೂಡಿ ಒಂದು ಸಂಘ ಮಾಡಿದ್ದರಂತೆ. ಮನೆಯಿಂದ ಮನೆಗೆ ನಡೆದು ಹೇಳಿಬರಬೇಕು, ನಡೆದು ನಡೆದು ಬೂಟಿನ ಅಟ್ಟೆ ಸವೆದುಹೋಯಿತು. ಸಂಘದ ಮೊದಲ ಖರ್ಚು ಮೂರು ಜೊತೆ ಅಟ್ಟೆ. ಆಗಿನ ದೊಡ್ಡವರೊಬ್ಬರನ್ನು ಕೇಳಿದರೆ, ಅಟ್ಟೆಗೆ ಹಣ ಕೊಡಲು ನಮ್ಮಲ್ಲಿ ಅವಕಾಶವಿಲ್ಲ, ಬೇಕಾದರೆ ಬೈಬಲ್ ಕೊಡುತ್ತೇವೆ ಎಂದರಂತೆ. ಇದನ್ನು ಕನ್ನಡಕ್ಕೆ ತರುವಾಗ ಕೊನೆಯ ಮಾತನ್ನು ಯಾಕೋ ಬೇಗಬೇಗ ಮುಗಿಸಿದೆ. ಹೊಲಿಗೆ ಯಂತ್ರದ ನೆನಪಾಗಿರಬೇಕು.

ಆಮೇಲೆ ಅವಳು ಫಾರಂ ತೆಗೆದು ಎರಡು ಪ್ರಶ್ನೆ ಕೇಳಿದಳು. ನಾವು ಏನೂ ಕೊಡದಿದ್ದರೆ ಏನು ಮಾಡುತ್ತೀರಿ ಎಂಬುದು ಮೊದಲನೆಯದು. ಅದು ಒರಟಾಗಿ ಕೇಳಿಸೀತೆಂದು ನಾನು ಅದಕ್ಕೆ ಸಾಕಷ್ಟು ಬೆಣ್ಣೆ ಹಚ್ಚಿ ಹೇಳಿದೆ. ನಿಂಗಮ್ಮ ಬೆಣ್ಣೆ ಕೆರೆದು ಒಳಗಿನದನ್ನೇ ಹಿಡಿದಳು.

"ಕೊಡಲಿಲ್ಲಂದ್ರೂ ನಡೀತೀವ್ರಿ. ಸಾವಕಾಶ ನಡೀತೀವಿ, ಅಷ್ಟ."

ಎರಡನೆಯ ಪ್ರಶ್ನೆಗೆ ಡೋರಿಸ್ ಬಾಯಿ ಬಿಡಲಿಲ್ಲ, ಕೊನೆಯ ಪುಟದ ಆ ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದಳು. ಕಾಗದಪತ್ರ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳುತ್ತಿದ್ದಾರೆ ಎಂದೆ. ಶಾಂತಾಬಾಯಿ ಬಗ್ಗಿ ನೋಡಿದಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಅವಳಿಗೆ ಬರುತ್ತಿತ್ತು.

"ಅಲ್ಲಿ ನಿಮ್ಮ ಹೆಸರದಲ್ರಿ ಸರ."

ನಿಂಗಮ್ಮ ನನ್ನನ್ನು ನೋಡದೆ ಡೋರಿಸ್‌ಳಿಗೆ ಹೇಳಿದಳು, "ಇವರು ಬರಿಯಾಕ ಅದಾರ್ರಿ ಅವ್ವಾ. ನಡಿಯೋರು ನಾವು." ಇದನ್ನು ಬೆಣ್ಣೆಯಿಲ್ಲದೆ ಅನುವಾದಿಸಿದೆ. ಡೋರಿಸ್ ಪೆನ್ನು ನನಗೇ ಕೊಟ್ಟಳು. ನನ್ನ ಹೆಸರು ಹೊಡೆದುಹಾಕಿ ನಿಂಗಮ್ಮನ ಹೆಸರು ಬರೆದೆ. ಪಕ್ಕದಲ್ಲಿ ಅವಳು ಹೆಬ್ಬೆಟ್ಟು ಒತ್ತಿದಳು.

ಊಟದ ಹೊತ್ತಿಗೆ ಜೀಪಿನ ಡ್ರೈವರು ಖಾಜಾಭಾಯಿ ಕ್ಯಾರಿಯರು ತಂದು ಕಟ್ಟೆಯ ಮೇಲಿಟ್ಟ. ಈ ಸೀಮೆಯಲ್ಲಿ ಸ್ಟೀಲಿನ ಪಾತ್ರೆಯ ಮೇಲೆ ಹೆಸರು ಕೊರೆಸುವುದು ವಾಡಿಕೆ. ಶಾಂತಾಬಾಯಿ ಅದನ್ನೂ ಓದಿದಳು: ಶಿವಲೀಲಮ್ಮನವರ ಹೆಸರು, ಮನೆತನದ ಹೆಸರು. ಯಾವ ಜಾತಿಯ ಮನೆತನವೆಂದು ಎಲ್ಲರಿಗೂ ತಿಳಿಯಿತು. ನಿಂಗಮ್ಮನಿಗೆ ನಾನು ಮೊದಲ ಭೇಟಿಯಲ್ಲೇ, ನಾನೂ ನಿಮ್ಮವನೇ ಎಂದು ಎದೆ ಮುಟ್ಟಿಕೊಂಡು ಹೇಳಿದ್ದೆ. ಅವಳು ನನ್ನನ್ನು ಪಕ್ಕಕ್ಕೆ ಕರೆದಳು.

"ಆ ಮನ್ಯಾಗ ನೀವು ಯಾರಂತ ಹೇಳೀರಿ?"

ಅವರು ಮತ್ತೆ ಕೇಳಲಿಲ್ಲ, ನಾನು ಹೇಳಲಿಲ್ಲ ಎಂದೆ.

"ಕೇಳದಿದ್ರೂ ಹೇಳಬೇಕು ಅಂತ ಸಂಘದಾಗ ನಮಗ ಪಾಠ ಮಾಡ್ತೀರಿ," ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೋಳಿಗೆಯನ್ನು ಅವಳೇ ಮುರಿದು ನಲವತ್ತು ಚೂರು ಮಾಡಿ ಹಂಚಿದಳು. ಎಲ್ಲರೂ ಹೊಗಳಿ ತಿಂದರು. ನಾನೂ ಡೋರಿಸ್‌ಳೂ ನಿಂಗಮ್ಮನ ಮನೆಯಲ್ಲಿ ಉಂಡೆವು. ಹೊರಡುವಾಗ ನೋಡಿದರೆ ಕ್ಯಾರಿಯರು ಮತ್ತೆ ಭಾರವಾಗಿತ್ತು. ಮೇಲಿನ ಡಬ್ಬಿಗಳಲ್ಲಿ ರೊಟ್ಟಿ, ಕೆಳಗೆ ಪುಂಡಿ ಪಲ್ಯ, ಒಂದರಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ.

"ಬುತ್ತಿ ಬಂದ ಡಬ್ಬಿ ಖಾಲಿ ಕಳಸಬಾರದ್ರಿ. ಅಕ್ಕಾರಿಗಿ ಹೇಳ್ರಿ, ನಿಂಗಮ್ಮ ಕಳಸ್ಯಾಳ ಅಂತ."

ಎರಡು ತಿಂಗಳಿಗೆ ಡೋರಿಸ್‌ಳ ಕಾಗದ ಬಂತು. ಒಂದು ವರ್ಷದ ತಿರುಗಾಟಕ್ಕೆ ಮಂಜೂರು. ಹನ್ನೆರಡು ಊರಿನಲ್ಲಿ ಒಂಬತ್ತು ಊರು ಒಂದೇ ಮಾತಿಗೆ ಬಂದವು. ಮುಂದಿನ ನಾಟಿಗೆ ಗುತ್ತೇದಾರ ತಾನಾಗಿ ನಿಂಗಮ್ಮನ ಕಟ್ಟೆಗೆ ಬಂದು, ಚಪ್ಪಲಿ ಬಿಟ್ಟು ಕೂತ. ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಆದದ್ದು ಹೆದರುವ ಪಟ್ಟಿಯಲ್ಲಿ ಸೇರಿಸಲೂ ಹೊಳೆಯದಷ್ಟು ಸಣ್ಣದು. ಅದು ಡೋರಿಸ್ ಬಂದ ದಿನವೇ ಸಂಜೆ, ಅವಳನ್ನು ಯಾದಗಿರಿಯಲ್ಲಿ ರೈಲು ಹತ್ತಿಸಿ ಶಹಾಪುರಕ್ಕೆ ವಾಪಸು ಬರುವಾಗ ಆಯಿತು.

ಕ್ಯಾರಿಯರು ನನ್ನ ತೊಡೆಯ ಮೇಲಿತ್ತು. ಇದನ್ನು ಆ ಅಡುಗೆಮನೆಯಲ್ಲಿಟ್ಟರೆ ಯಾವ ನಿಂಗಮ್ಮ ಎಂದು ಕೇಳುತ್ತಾರೆ. ಹೇಳಿದರೆ ಡಬ್ಬಿ ತೊಳೆಯುತ್ತಾರೋ, ಬಿಸಾಡುತ್ತಾರೋ, ಅಥವಾ ಏನೂ ಅನ್ನದೆ ಉಣ್ಣುತ್ತಾರೋ. ಮೂರನೆಯದಕ್ಕೂ ನನಗೆ ಹೆದರಿಕೆಯಾಯಿತು. ಆಗ ಇಷ್ಟು ದಿನ ಸುಮ್ಮನಿದ್ದ ನಾನೊಬ್ಬನೇ ಸಣ್ಣವನಾಗುತ್ತೇನೆ. ಕಾಲುವೆಯ ಸೇತುವೆಯ ಹತ್ತಿರ ಜೀಪು ನಿಲ್ಲಿಸಲು ಹೇಳಿದೆ. "ಇದು ಮನಿಗಿ ಒಯ್ಯೂದಲ್ಲೇನ್ರಿ?" ಎಂದ ಖಾಜಾಭಾಯಿ. ಹಸಿವಾಗಿದೆ ಎಂದೆ. ಇಬ್ಬರೂ ದಂಡೆಯ ಮೇಲೆ ಕೂತು ಆರು ರೊಟ್ಟಿ ಉಂಡೆವು. ಪಲ್ಯ ಸೊಗಸಾಗಿತ್ತು. ಪಕ್ಕದ ಬೋರಿಂಗಿನ ಕೈಪಂಪು ಒತ್ತಿ ಡಬ್ಬಿ ತೊಳೆದು, ಒರೆಸಿ, ಮನೆಗೆ ತಂದುಕೊಟ್ಟೆ.

ಶಿವಲೀಲಮ್ಮನವರು ಒಂದೊಂದಾಗಿ ನಾಲ್ಕೂ ಡಬ್ಬಿ ಬಿಚ್ಚಿ ನೋಡಿದರು. ಅವರ ಮುಖ ಸಪ್ಪಗಾಯಿತು.

"ಖಾಲಿನೇ ಕಳಸ್ಯಾರಲ್ರಿ. ಒಂದು ಚೂರು ಬೆಲ್ಲರ ಹಾಕಬಾರದಾ? ಎಂಥ ರೀತಿ ರಿವಾಜಿಲ್ಲದ ಮಂದಿರಿ ಅವರು."

ಮರುವಾರ ಕೇರಿಗೆ ಹೋದಾಗ ನಿಂಗಮ್ಮ ಮೊದಲು ಕೇಳಿದ್ದು ಅನುದಾನದ ಸುದ್ದಿಯನ್ನಲ್ಲ, ಅಕ್ಕಾರು ಪಲ್ಯ ಉಂಡರೇ, ಖಾರ ಹೆಚ್ಚಾಗಿತ್ತೇ ಎಂದು. ಬಹಳ ಚೆನ್ನಾಗಿತ್ತು ಅಂದರು ಎಂದೆ. ಅವಳು ನನ್ನ ಮುಖವನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

"ಹಂಗಾದ್ರ ಡಬ್ಬಿ ಮತ್ತ ತರ್ರಿ," ಎಂದಳು.

ಈಗಲೂ ಅದೇ ಮನೆಯಲ್ಲಿ ‘ಮಂಡ್ಯದ ಕಡೆಯವನಾಗಿಯೇ’ ಇದ್ದೇನೆ. ಬೆಳಗಾದರೆ ಬಾಗಿಲಿಗೆ ಎರಡು ರೊಟ್ಟಿ ಬರುತ್ತವೆ.